ಭಾವಚಿತ್ರಕ್ಕೆ ಕುಳ್ಳಿರುವ ಮುನ್ನ

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಶಾಲೆಗಳಲ್ಲಿ ರಾಣಿ ಚೆನ್ನಮ್ಮನ ಪಟವಿಲ್ಲದ ಶಾಲೆಯನ್ನು ಹುಡುಕುವುದು ಕಷ್ಟ. ಕುದುರೆಯೇರಿ ಖಡ್ಗ ಹಿರಿದ ಆ ಮೂರ್ತಿಯನ್ನು ನೋಡುತ್ತಲೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಇದು ಚೆನ್ನಮ್ಮನ ಖರೇ ಫೋಟೋ ಏನ್ರಿ?" ಎಂದು ಕೇಳಿದಳು. ಉಳಿದ ಮಕ್ಕಳು ನಕ್ಕರು. ನನಗೆ ಮಾತ್ರ ಪ್ರಶ್ನೆ ನಗುವಂಥದ್ದೆಂದು ತೋರಲಿಲ್ಲ.

ನಾನು ಲೆಕ್ಕ ಹಾಕಿ ಹೇಳಿದೆ. ಕಿತ್ತೂರಿನ ಕಾಳಗ ನಡೆದದ್ದು ೧೮೨೪ರಲ್ಲಿ. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿದ್ದು ತೀರಿಕೊಂಡದ್ದು ೧೮೨೯ರಲ್ಲಿ. ಪ್ಯಾರಿಸ್ ನಗರದಲ್ಲಿ ದಾಗೇರ್ ಎಂಬವನ ಛಾಯಾಚಿತ್ರ ವಿಧಾನವನ್ನು ಲೋಕಕ್ಕೆ ಸಾರಿದ್ದು ೧೮೩೯ರ ಆಗಸ್ಟಿನಲ್ಲಿ. ಹತ್ತು ವರ್ಷದ ಅಂತರ. ಆದುದರಿಂದ ಚೆನ್ನಮ್ಮನ ಫೋಟೋ ಇರುವುದು ಶಕ್ಯವೇ ಇಲ್ಲ. ಗೋಡೆಯ ಮೇಲಿನ ಪಟ ಚಿತ್ರಕಾರನ ಕಲ್ಪನೆ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಕಣ್ಣಿಗೆ ಚೆನ್ನಮ್ಮ ಎಂದರೆ ೧೯೬೧ರ ಚಲಚ್ಚಿತ್ರದಲ್ಲಿ ಆ ಪಾತ್ರ ಧರಿಸಿದ ಬಿ. ಸರೋಜಾದೇವಿಯವರ ಮುಖವೇ ಬರುತ್ತದೆ. ೨೦೦೭ರಲ್ಲಿ ದಿಲ್ಲಿಯ ಸಂಸತ್ ಭವನದ ಆವರಣದಲ್ಲಿ ಆಕೆಯ ಪ್ರತಿಮೆ ನಿಂತಿತು. ಅದೂ ಶಿಲ್ಪಿಯ ಭಾವನೆಯಲ್ಲಿ ಮೂಡಿದ್ದು. ಇಷ್ಟು ಹೇಳಿದ ಮೇಲೆ ಆ ಹುಡುಗಿ, "ಹಂಗಾರ ಆಕಿ ನೋಡಾಕ ಹೆಂಗಿದ್ದಳು ಅಂತ ಯಾರಿಗೂ ಗೊತ್ತಿಲ್ಲೇನ್ರಿ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ.

ಆ ಮಾತು ನನ್ನಲ್ಲಿ ಉಳಿದುಕೊಂಡಿತು. ಕಳೆದ ವರ್ಷ ನಮ್ಮ ಮನೆಯಲ್ಲಿ ಮಗಳ ನಿಶ್ಚಯದ ಕಾರ್ಯ ಒದಗಿ, ಫೋಟೋ ತೆಗೆಸುವ ಸಿದ್ಧತೆ ನಡೆದಾಗ ಅದು ಮತ್ತೆ ನೆನಪಾಯಿತು. ಭಾವಚಿತ್ರಕ್ಕೆ ಕುಳ್ಳಿರುವ ಮುನ್ನ ನಮ್ಮ ಜನ ಹೇಗೆ ಸಿದ್ಧರಾಗುತ್ತಿದ್ದರು, ಆ ಸಿದ್ಧತೆಯಲ್ಲಿ ಯಾರನ್ನು ಕರೆದರು, ಯಾರನ್ನು ಬಿಟ್ಟರು ಎಂಬ ಸಂಗತಿ ಸಣ್ಣದಾಗಿ ಕಂಡರೂ ಅದು ಮನೆಮನೆಯ ಇತಿಹಾಸ.

ಕ್ಯಾಮರಾ ಬರುವ ಮೊದಲು ಮನುಷ್ಯನ ನೆನಪನ್ನು ಉಳಿಸುವ ಉಪಾಯ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಇಂದಿನ ಸವದತ್ತಿ ಒಂದು ಕಾಲಕ್ಕೆ ರಟ್ಟರ ರಾಜಧಾನಿಯಾಗಿದ್ದ ಸುಗಂಧವರ್ತಿ. ಆ ಅರಸರ ಕಾಲದ ಕನ್ನಡ ನಾಡಿನಲ್ಲಿ ಸತ್ತ ವೀರನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ನೋಟ, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಗಂಡನೊಡನೆ ಚಿತೆಯೇರಿದ ಹೆಂಗಸಿಗೆ ಮಾಸ್ತಿಗಲ್ಲು. ಅದರಲ್ಲಿ ಕಂಬದಿಂದ ಹೊರಟ ಒಂದು ತೋಳು, ಮೊಣಕೈ ಬಾಗಿ ಮೇಲೆತ್ತಿದ ಅಂಗೈ, ಮಣಿಕಟ್ಟಿನಲ್ಲಿ ಬಳೆ. ಆಕೆಯ ಸೌಭಾಗ್ಯ ಅಳಿಯಲಿಲ್ಲವೆಂಬುದಕ್ಕೆ ಆ ಬಳೆ ಗುರುತು. ವೀರನ ಮುಖ ಹೇಗಿತ್ತು, ಮಾಸ್ತಿಯ ಮೂಗು ಎಂಥದಿತ್ತು ಎಂದು ಕಲ್ಲು ಹೇಳುವುದಿಲ್ಲ. ಗಂಡ ಸತ್ತ ಮೇಲೂ ಬದುಕಿದ್ದು ಮಕ್ಕಳನ್ನು ಸಾಕಿದವಳಿಗೆ ಇಂಥ ಕಲ್ಲೂ ಇರಲಿಲ್ಲ.

ಲಗ್ನಕ್ಕೂ ಚಿತ್ರಕ್ಕೂ ಇರುವ ನಂಟಾದರೂ ಹೊಸದಲ್ಲ. ಭಾಗವತದ ದಶಮ ಸ್ಕಂಧದ ಕಥೆ ಎಲ್ಲರಿಗೂ ಗೊತ್ತು. ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಕಂಡ ತರುಣನಿಗಾಗಿ ಹಂಬಲಿಸಿದಾಗ ಗೆಳತಿ ಚಿತ್ರಲೇಖೆ ದೇವ ಗಂಧರ್ವ ಮನುಷ್ಯರ ಚಿತ್ರಗಳನ್ನು ಒಂದೊಂದಾಗಿ ಬರೆದು ತೋರಿಸುತ್ತಾಳೆ. ಅನಿರುದ್ಧನ ಚಿತ್ರ ಬಂದಾಗ ಉಷೆ ನಾಚಿ ತಲೆ ತಗ್ಗಿಸುತ್ತಾಳೆ. ವರನ ಫೋಟೋ ಮನೆಗೆ ಬಂದಾಗ ಅದನ್ನು ಮೇಜಿನ ಮೇಲಿಟ್ಟು, ಓರೆಗಣ್ಣಿನಿಂದ ಮಗಳ ಮುಖವನ್ನು ಪರೀಕ್ಷಿಸುವ ತಾಯಿತಂದೆಗಳು ಚಿತ್ರಲೇಖೆಯ ಕೆಲಸವನ್ನೇ ಮುಂದುವರಿಸಿದ್ದಾರೆ.

ಇನ್ನು ಕ್ಯಾಮರಾದ ಮಾತು. ೧೮೫೪ರಲ್ಲಿ ಮುಂಬಯಿಯಲ್ಲಿ ಛಾಯಾಚಿತ್ರಗಾರರ ಸಂಘ ಹುಟ್ಟಿತು. ನಮ್ಮ ಬೆಳಗಾವಿ, ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಮರುವರ್ಷವೇ ಸರಕಾರವು ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನ ತರುವಾಯ ಪಿಗೂ, ನೀಲ್ ಎಂಬ ಇಬ್ಬರು ವೈದ್ಯರು ಆ ಕೆಲಸ ಮಾಡಿದರು. ಮೂವರ ಚಿತ್ರಗಳೂ ಸೇರಿ ೧೮೬೬ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತ ಗ್ರಂಥ ಲಂಡನ್ನಿನಲ್ಲಿ ಹೊರಬಂದಿತು. ಅದಕ್ಕೆ ಬರೆಹ ಒದಗಿಸಿದವರು ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್.

ಹೀಗೆ ಕ್ಯಾಮರಾ ನಮ್ಮ ಕಡೆಗೆ ಬಂದದ್ದು ಮನುಷ್ಯರನ್ನು ಅರಸಿಕೊಂಡಲ್ಲ, ಗುಡಿಗಳನ್ನು ಅರಸಿಕೊಂಡು. ಕಂಬದ ಎತ್ತರ ತಿಳಿಯಲೆಂದು ಅದರ ಪಕ್ಕಕ್ಕೆ ಊರಿನವನೊಬ್ಬನನ್ನು ನಿಲ್ಲಿಸುವ ರೂಢಿ ಆ ಕಾಲದ ಛಾಯಾಚಿತ್ರಗಾರರಲ್ಲಿತ್ತು. ಅಂಥವನಿಗೆ ಹೆಸರಿಲ್ಲ, ಅವನು ಅಳತೆಗೋಲು. ೧೮೬೮ರಿಂದ ೧೮೭೫ರವರೆಗೆ ಇಂಗ್ಲಿಷರು ಭಾರತದ ಜನರ ಚಿತ್ರಗಳ ಎಂಟು ಸಂಪುಟಗಳನ್ನು ಹೊರತಂದರು. ಅಲ್ಲಿಯೂ ಜಾತಿ, ಪಂಗಡಗಳ ಮಾದರಿಯೆಂದು ನಿಲ್ಲಿಸಿದವರೇ ಬಹಳ. ತನ್ನ ಇಚ್ಛೆಯಿಂದ, ತನ್ನ ಉಡುಗೆಯಲ್ಲಿ, ತನ್ನ ಹೆಸರಿನಿಂದ ಕ್ಯಾಮರಾದ ಎದುರು ಕುಳಿತುಕೊಳ್ಳುವ ಭಾಗ್ಯ ಮೊದಲಿಗೆ ರಾಜರಿಗೆ, ಸಂಸ್ಥಾನಿಕರಿಗೆ, ಶ್ರೀಮಂತರಿಗೆ ಬಂದಿತು. ಅಂತಃಪುರದ ಹೆಂಗಸರು ಪರಗಂಡಸಿನ ಎದುರು ಕುಳ್ಳಿರಲಾರರೆಂದು ಲಾಲಾ ದೀನದಯಾಳರು ೧೮೯೨ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಬೇರೆ ಸ್ಟುಡಿಯೋ ತೆರೆದು, ಅಲ್ಲಿ ಚಿತ್ರ ತೆಗೆಯಲು ಹೆಂಗಸನ್ನೇ ನೇಮಿಸಿದರು.

ನಮ್ಮಂಥ ಸಾಮಾನ್ಯರ ಮನೆಗೆ ಫೋಟೋ ಬಂದದ್ದು ಬಹಳ ತಡವಾಗಿ. ರೈಲುಹಾದಿ ಬೆಳಗಾವಿ, ಧಾರವಾಡಗಳನ್ನು ಮುಟ್ಟಿತೇ ಹೊರತು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಿಗೆ ಬರಲಿಲ್ಲ. ಸ್ಟುಡಿಯೋ ಬೇಕೆಂದರೆ ಬೈಲಹೊಂಗಲದವರು ಸುಮಾರು ೪೫ ಕಿಲೋಮೀಟರು ದೂರದ ಬೆಳಗಾವಿಗೆ, ಸವದತ್ತಿಯವರು ಹೆಚ್ಚು ಕಡಿಮೆ ಅಷ್ಟೇ ದೂರದ ಧಾರವಾಡಕ್ಕೆ ಹೋಗಬೇಕು. ನಮ್ಮ ಅಜ್ಜ ತನ್ನ ಆಯುಷ್ಯದಲ್ಲಿ ಒಂದೇ ಫೋಟೋ ತೆಗೆಸಿದವನು. ಅದರ ಸಿದ್ಧತೆಯ ಕಥೆಯನ್ನು ನಮ್ಮ ಆಯಿ, ಎಂದರೆ ಅಜ್ಜಿ, ನಮಗೆ ಎಷ್ಟೋ ಸಲ ಹೇಳಿದ್ದಳು. ಎರಡು ದಿನ ಮೊದಲೇ ಧೋತರ ಒಗೆದು ನೀಲಿ ಹಾಕಿದ್ದು, ಕಾಯಿಸಿದ ತಂಬಿಗೆಯಿಂದ ಇಸ್ತ್ರಿ ಮಾಡಿದ್ದು, ಓಣಿಯ ಗೌಡರ ಮನೆಯಿಂದ ಕರಿಯ ಕೋಟು ಕೇಳಿ ತಂದದ್ದು, ರುಮಾಲನ್ನು ಮೂರು ಸಲ ಬಿಚ್ಚಿ ಮೂರು ಸಲ ಸುತ್ತಿದ್ದು, ಬುತ್ತಿ ಕಟ್ಟಿ ನಸುಕಿನಲ್ಲಿ ಚಕ್ಕಡಿ ಹೂಡಿಸಿ ಕಳಿಸಿದ್ದು. "ನೀ ಯಾಕ ಹೋಗಲಿಲ್ಲ ಆಯಿ?" ಎಂದು ಕೇಳಿದರೆ, "ಎಮ್ಮಿ ಹಿಂಡವರ್ ಯಾರೋ?" ಎಂದು ನಗುತ್ತಿದ್ದಳು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುವುದೆಂಬ ಅಂಜಿಕೆಯೂ ಆಗಿನ ಜನರಲ್ಲಿತ್ತು. ಆದರೆ ಗಂಡನನ್ನು ಕಳಿಸುವಾಗ ಅಡ್ಡ ಬಾರದ ಆ ಅಂಜಿಕೆ ಹೆಂಡತಿಗೆ ಮಾತ್ರ ಏಕೆ ಬಂದೀತು?

ಸ್ಟುಡಿಯೋದ ಒಳಗಿನ ಸಿದ್ಧತೆ ಇನ್ನೊಂದು ಬಗೆಯದು. ವಿದ್ಯುದ್ದೀಪ ಬರುವ ಮುನ್ನ ಉತ್ತರ ದಿಕ್ಕಿಗೆ ದೊಡ್ಡ ಗಾಜಿನ ಕಿಡಕಿಯಿಟ್ಟು, ಬಿಳಿಯ ಪರದೆ ಎಳೆದು, ಮೆತ್ತನೆಯ ಬೆಳಕನ್ನು ಮುಖದ ಮೇಲೆ ಬೀಳಿಸುತ್ತಿದ್ದರು. ಹಿಂದೆ ಬಣ್ಣದ ಪರದೆ. ಅದರ ಮೇಲೆ ಕಂಬ, ಮೆಟ್ಟಿಲು, ಹೂದೋಟ, ಸರೋವರ. ನಮ್ಮ ಮಳೆಯಿಲ್ಲದ ಎರೆಭೂಮಿಯ ರೈತನೂ ಫೋಟೋದಲ್ಲಿ ಸರೋವರದ ದಂಡೆಯ ಮೇಲೆ ನಿಲ್ಲುತ್ತಿದ್ದ. ಮುಂದೆ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿಯೂ ನಾನು ಚಿಕ್ಕವನಿದ್ದಾಗ ಇಂಥ ಪರದೆ ಕಟ್ಟಿದ ಫೋಟೋ ಅಂಗಡಿಗಳನ್ನು ಕಂಡಿದ್ದೇನೆ.

ಹಳೆಯ ಫೋಟೋಗಳಲ್ಲಿ ಯಾರೂ ನಗುವುದಿಲ್ಲವೇಕೆಂದು ಮಕ್ಕಳು ಕೇಳುತ್ತಾರೆ. ಮೊದಮೊದಲಿಗೆ ಚಿತ್ರ ಮೂಡಲು ಬಹಳ ಹೊತ್ತು ಬೇಕಾಗುತ್ತಿತ್ತು. ಅಲ್ಲಿಯವರೆಗೆ ತಲೆ ಅಲುಗಬಾರದೆಂದು ಕತ್ತಿನ ಹಿಂದೆ ಕಬ್ಬಿಣದ ಹಿಡಿಕೆಯನ್ನು ನಿಲ್ಲಿಸುತ್ತಿದ್ದರು. ನಗುವನ್ನು ಅಷ್ಟು ಹೊತ್ತು ಹಿಡಿದಿಡುವುದು ಯಾರಿಂದಾದೀತು? ೧೮೫೧ರಲ್ಲಿ ಆರ್ಚರ್ ಎಂಬವನು ಕಂಡುಹಿಡಿದ ಹಸಿಗಾಜಿನ ವಿಧಾನದಿಂದ ಹೊತ್ತು ಕಡಿಮೆಯಾಯಿತು. ಆದರೆ ಗಾಜಿನ ಮೇಲಿನ ಲೇಪ ಒಣಗುವುದರೊಳಗೆ ಚಿತ್ರ ತೆಗೆದು ತೊಳೆಯಬೇಕು. ೧೮೭೧ರಲ್ಲಿ ಮ್ಯಾಡಾಕ್ಸ್ ಎಂಬ ವೈದ್ಯನು ಒಣಗಾಜಿನ ದಾರಿ ತೋರಿದ ಮೇಲೆ ಈ ತೊಡಕು ಕಳೆಯಿತು. ಇಷ್ಟಾದರೂ ಬಿಗಿದ ಮುಖದ ಗಾಂಭೀರ್ಯವೇ ಮರ್ಯಾದೆಯ ಲಕ್ಷಣವೆಂದು ಜನ ಬಹುಕಾಲ ನಗದೆಯೇ ಉಳಿದರು.

ಉಡುಗೆಯ ಬಣ್ಣದಲ್ಲಿಯೂ ಒಂದು ಗುಟ್ಟಿತ್ತು. ಹಳೆಯ ಗಾಜುಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಕೆಂಪು, ಹಳದಿಗಳು ತಿಳಿಯುತ್ತಿರಲಿಲ್ಲ. ಆದುದರಿಂದ ನೀಲಿ ವಸ್ತ್ರ ಬೆಳ್ಳಗೆ ಬರುತ್ತಿತ್ತು. ಇಳಕಲ್ ಸೀರೆಯ ಕೆಂಪು ಸೆರಗು ಕರ್ರಗಾಗುತ್ತಿತ್ತು. ಮದುಮಗಳ ಕಳೆ ಹೆಚ್ಚಲೆಂದು ಮುಖಕ್ಕೆ ಅರಿಸಿನ ಹಚ್ಚಿ ಕೂಡಿಸಿದರೆ ಫೋಟೋದಲ್ಲಿ ಆ ಮುಖ ಇನ್ನಷ್ಟು ಕಪ್ಪಿಡುತ್ತಿತ್ತು. ೧೮೭೩ರಲ್ಲಿ ಜರ್ಮನಿಯ ಫೋಗೆಲ್ ಎಂಬ ವಿಜ್ಞಾನಿ ಲೇಪದಲ್ಲಿ ಬಣ್ಣದ ದ್ರವ್ಯ ಬೆರೆಸಿದರೆ ಹಸಿರು, ಹಳದಿಗಳೂ ಮೂಡುವುದನ್ನು ತೋರಿಸಿದ. ಕೆಂಪಿನವರೆಗೆ ಎಲ್ಲ ಬಣ್ಣಗಳನ್ನು ಅರಿಯುವ ಗಾಜುಗಳು ಮಾರಾಟಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅಜ್ಜಿಯ ಫೋಟೋ ಕಪ್ಪಾಗಿದೆಯೆಂದು ಅಜ್ಜಿಯೇ ಕಪ್ಪಗಿದ್ದಳೆಂದು ತಿಳಿಯುವ ಮೊಮ್ಮಕ್ಕಳು ಇದನ್ನು ನೆನಪಿಡಬೇಕು. ಚಿತ್ರ ಮೂಡಿದ ಮೇಲೆ ಮೊನೆಯಾದ ಪೆನ್ಸಿಲ್ಲಿನಿಂದ ಗಾಜಿನ ಮೇಲೆ ತಿದ್ದಿ, ಮುಖದ ಸುಕ್ಕು, ಸಿಡುಬಿನ ಕಲೆಗಳನ್ನು ಮರೆಮಾಡುವ ಕೌಶಲ್ಯವೂ ಸ್ಟುಡಿಯೋದವರಿಗಿತ್ತು. ಕನ್ಯೆಯ ಫೋಟೋ ವರನ ಮನೆಗೆ ಹೋಗುವುದಿದ್ದರೆ ಈ ತಿದ್ದುವಿಕೆಗೆ ಬೆಲೆ ಹೆಚ್ಚು.

ಇವೆಲ್ಲಕ್ಕಿಂತ ಕಠಿಣವಾದ ಸಿದ್ಧತೆ ಎಂದರೆ ಯಾರು ಎಲ್ಲಿ ಕುಳ್ಳಿರಬೇಕೆಂಬುದು. ಸಂಸ್ಥಾನಿಕರ ದರ್ಬಾರಿನ ಚಿತ್ರಗಳಲ್ಲಿ ನಡುವೆ ಸಿಂಹಾಸನ, ಎಡಬಲಕ್ಕೆ ಮಾನದ ಪ್ರಕಾರ ಅಧಿಕಾರಿಗಳು. ಆ ಮಾದರಿಯೇ ಮನೆಯ ಫೋಟೋಕ್ಕೂ ಇಳಿದು ಬಂದಿತೆಂದು ನನಗೆ ತೋರುತ್ತದೆ. ರಾಮದುರ್ಗದ ಸಂಸ್ಥಾನ ೧೯೪೮ರಲ್ಲಿ ವಿಲೀನವಾಯಿತು, ಆದರೆ ಮನೆಯ ದರ್ಬಾರು ವಿಲೀನವಾಗಲಿಲ್ಲ. ನಡುವಿನ ಕುರ್ಚಿಯಲ್ಲಿ ಯಜಮಾನ, ಪಕ್ಕದಲ್ಲಿ ಅಳಿಯಂದಿರು, ಹಿಂದೆ ನಿಂತ ತಮ್ಮಂದಿರು, ಜಮಖಾನೆಯ ಮೇಲೆ ಮಕ್ಕಳು. ಹೆಂಗಸರು ಬಂದರೆ ಮುತ್ತೈದೆಯರು ಮಾತ್ರ. ನಿಶ್ಚಯ, ಲಗ್ನಗಳಂಥ ಶುಭಕಾರ್ಯದ ಫೋಟೋದಲ್ಲಿ ಗಂಡ ತೀರಿದವಳು ಇರಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ನಮ್ಮ ಅಕ್ಕನ ನಿಶ್ಚಯವಾದದ್ದು ೧೯೮೩ರಲ್ಲಿ. ನಾನಾಗ ಶಾಲೆಯ ಹುಡುಗ. ಬೀಗರು ಬಂದರು, ಸಕ್ಕರೆ ಹಂಚಿದ್ದಾಯಿತು. ಫೋಟೋಗ್ರಾಫರನು ಮನೆಗೇ ಬಂದಿದ್ದ. ಅದೂ ಬಣ್ಣದ ಫೋಟೋ ತೆಗೆಯುವವನು. ಅಂದಿನ ಸಿದ್ಧತೆಯನ್ನೆಲ್ಲ ಮಾಡಿದವಳು ಆಯಿ. ನಸುಕಿನಲ್ಲೆದ್ದು ಪಡಸಾಲೆ ಸಾರಿಸಿದಳು. ಅಕ್ಕನ ಹೆರಳು ಹಾಕಿದಳು. ತನ್ನ ಪೆಟ್ಟಿಗೆಯ ತಳದಿಂದ ಬೋರಮಾಳ ತೆಗೆದು ಅಕ್ಕನ ಕೊರಳಿಗೆ ಕಟ್ಟಿಸಿದಳು. "ಎಲ್ಲಾರೂ ಬರ್ರಿ" ಎಂದು ಕರೆದಾಗ ಎಲ್ಲರೂ ಬಂದರು. ಆಯಿ ಅಡಿಗೆಮನೆಯ ಬಾಗಿಲ ಹಿಂದೆ ನಿಂತಳು. ಯಾರೂ ಕರೆಯಲಿಲ್ಲ. ಅವಳೂ ಕರೆಯಲೆಂದು ಕಾಯಲಿಲ್ಲ.

ಎರಡು ವರ್ಷದ ಮೇಲೆ ಆಯಿ ತೀರಿಕೊಂಡಳು. ಗೋಡೆಗೆ ಹಾಕಲು ಫೋಟೋ ದೊಡ್ಡದು ಮಾಡಿಸೋಣವೆಂದು ಅಪ್ಪ ಪೆಟ್ಟಿಗೆಯನ್ನೆಲ್ಲ ತಡಕಿದ. ಒಂದೂ ಸಿಗಲಿಲ್ಲ. ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಬಂದದ್ದು ೧೯೯೩ರಿಂದೀಚೆಗೆ. ನಮ್ಮ ಹಳ್ಳಿಗಳ ಎಷ್ಟೋ ಮುದುಕಿಯರು ಮೊದಲ ಸಲ ಕ್ಯಾಮರಾದ ಮುಂದೆ ಕುಳಿತದ್ದು ಆ ಚೀಟಿಯ ಸಲುವಾಗಿ. ಆಯಿ ಅಲ್ಲಿಯವರೆಗೆ ಇರಲಿಲ್ಲ. ಕೊನೆಗೆ ಅಕ್ಕನ ನಿಶ್ಚಯದ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಾಗ ಹಿಂದಿನ ಬಾಗಿಲ ಚೌಕಟ್ಟನ್ನು ಹಿಡಿದ ಒಂದು ಕೈ ಕಂಡಿತು. ಬಳೆಯಿಲ್ಲದ ಕೈ. ಅಷ್ಟೇ.

ಚೆನ್ನಮ್ಮನ ಫೋಟೋ ಇಲ್ಲದಿರುವುದಕ್ಕೆ ಕಾರಣ, ಆಕೆಯ ಕಾಲಕ್ಕೆ ಕ್ಯಾಮರಾ ಹುಟ್ಟಿರಲಿಲ್ಲ. ಆಯಿಯ ಕಾಲಕ್ಕೆ ಕ್ಯಾಮರಾ ನಮ್ಮ ಪಡಸಾಲೆಗೇ ಬಂದು ಮೂರು ಕಾಲೂರಿ ನಿಂತಿತ್ತು. ಆದರೂ ಅವಳ ಮುಖ ನಮ್ಮಲ್ಲಿಲ್ಲ. ಮೊದಲನೆಯದಕ್ಕೆ ಯಾರನ್ನೂ ದೂರುವಂತಿಲ್ಲ. ಎರಡನೆಯದಕ್ಕೆ ನಾವೇ ಹೊಣೆ.

ಕಳೆದ ವರ್ಷದ ಮಾತಿಗೆ ಬರುತ್ತೇನೆ. ಈಗ ಫೋಟೋದ ಸಿದ್ಧತೆಯ ರೀತಿಯೇ ಬೇರೆ. ಕಿತ್ತೂರು ಕೋಟೆಯ ಎದುರು ತೆಗೆಸುವುದೋ, ನವಿಲುತೀರ್ಥದ ಹಿನ್ನೀರಿನ ದಂಡೆಯಲ್ಲಿ ತೆಗೆಸುವುದೋ ಎಂದು ಮಗಳು, ಅಳಿಯನಾಗುವವನು ಒಂದು ವಾರ ಚರ್ಚಿಸಿದರು. ಯಾವ ಸೀರೆಗೆ ಯಾವ ಬೆಳಕು ಎಂಬ ವಿಚಾರ ನಡೆಯಿತು. ನಿಶ್ಚಯದ ದಿನ ಮನೆಯಲ್ಲಿ ಎಲ್ಲರ ಫೋಟೋ. ನಮ್ಮ ಅಕ್ಕ ಮೂರು ದಿನ ಮೊದಲೇ ಬಂದು ಎಲ್ಲ ಕೆಲಸಕ್ಕೆ ಹೆಗಲು ಕೊಟ್ಟಿದ್ದಳು. ಭಾವನವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಫೋಟೋಗ್ರಾಫರ ಹುಡುಗ, "ಮನಿಯವರೆಲ್ಲಾ ಬರ್ರಿ" ಎನ್ನುತ್ತಲೇ ಅಕ್ಕ ಮೆಲ್ಲನೆ ಎದ್ದು, "ಚಹಾಕ್ಕ ಇಟ್ಟು ಬರ್ತೀನಿ" ಎಂದು ಅಡಿಗೆಮನೆಯತ್ತ ನಡೆದಳು. ಅದೇ ನಡಿಗೆ. ಇತಿಹಾಸ ಗೊತ್ತಿದ್ದ ನಾನು ಕಂಬದಂತೆ ನಿಂತಿದ್ದೆ.

ಕರೆದವಳು ನನ್ನ ಮಗಳು. "ಅತ್ತಿ, ಚಹಾ ಆಮ್ಯಾಲೆ ಆಗತೈತಿ. ನೀ ಇಲ್ಲಿ ನನ್ನ ಬಾಜೂಕ ಕೂಡು."

"ಬ್ಯಾಡವಾ, ಶುಭಕಾರ್ಯದಾಗ..."

"ಸಣ್ಣಾಕಿ ಇದ್ದಾಗ ನನ್ನ ಎತ್ತಿ ಆಡಿಸಿದಾಕಿ ನೀ. ನೀ ಇಲ್ಲಂದ್ರ ಇದು ಮನಿಯವರ ಫೋಟೋ ಹೆಂಗ ಆಗತೈತಿ?"

ಪಡಸಾಲೆ ಒಂದು ಗಳಿಗೆ ಸುಮ್ಮನಾಯಿತು. ಬೀಗರು ಏನೆಂದಾರೋ ಎಂದು ನನಗೆ ಎದೆ ಹಾರಿತು. ವರನ ತಾಯಿ ತಾವು ಕುಳಿತ ಕುರ್ಚಿಯನ್ನು ಅತ್ತ ಸರಿಸಿ, "ಬರ್ರಿ ಬೀಗತಿ, ಇಲ್ಲಿ ಜಾಗಾ ಐತ್ರಿ" ಎಂದರು. ಅಕ್ಕ ಸೆರಗಿನಿಂದ ಕೈ ಒರಸಿಕೊಂಡು ಬಂದು ಕುಳಿತಳು. ಫೋಟೋದಲ್ಲಿ ಅವಳ ಕಣ್ಣು ಸ್ವಲ್ಪ ತೇವವಾಗಿವೆ. ತಿದ್ದಬೇಡವೆಂದು ಮಗಳು ಹೇಳಿದ್ದಾಳೆ.

ಮನೆಯಲ್ಲಿ ಇಂಥ ಕಾರ್ಯ ಬಂದಾಗ ಓದುಗರು ಕೆಲವು ಮಾತುಗಳನ್ನು ಲಕ್ಷ್ಯದಲ್ಲಿಡಬಹುದು. ಹಿಂದಿನ ದಿನವೇ ಒಂದು ಯಾದಿ ಮಾಡಿರಿ, ಬಟ್ಟೆಬರೆಯದಲ್ಲ, ಜನರದು. ಅಡಿಗೆಮನೆಯಲ್ಲಿ ಇರುವವರ ಹೆಸರು ಮೊದಲು ಬರಲಿ. ವಯಸ್ಸಾದವರು ದಣಿಯುವ ಮುನ್ನ ಅವರ ಫೋಟೋ ಆಗಲಿ. ಅವರಿಗೆ ಬೆನ್ನು ಆನಿಸುವ ಕುರ್ಚಿ ಇರಲಿ. ಮನೆಯ ಹೊರಗೆ ತೆಗೆಸುವುದಿದ್ದರೆ ನಡುಹಗಲಿನ ಬಿಸಿಲು ಬೇಡ. ಕಣ್ಣ ಕೆಳಗೆ ನೆರಳು ಬೀಳುತ್ತದೆ. ಮೊಬೈಲಿನಲ್ಲಿ ನೂರು ಚಿತ್ರ ಇದ್ದರೂ ಒಂದನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ ಇಡಿರಿ.

ಗೋಡೆಯ ಮೇಲಿನ ಹಳೆಯ ಪಟಗಳ ಕಡೆಗೂ ಒಮ್ಮೆ ನೋಡಿರಿ. ಚಿತ್ರವು ಗಾಜಿಗೆ ತಾಗಿದ್ದರೆ ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತದೆ. ನಡುವೆ ಕಾಗದದ ಪಟ್ಟಿಯಿಟ್ಟು ಕಟ್ಟಿಸಬೇಕು. ಚಿತ್ರವನ್ನು ಹಸಿ ಬಟ್ಟೆಯಿಂದ ಒರಸಬಾರದು. ಹಳೆಯ ದಪ್ಪ ಕಾಗದದ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಬಣ್ಣದ ಫೋಟೋದ ಬೆನ್ನು ನುಣುಪು. ಅಲ್ಲಿ ಪೆನ್ಸಿಲ್ಲು ಹತ್ತುವುದಿಲ್ಲ. ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಮಗಳ ನಿಶ್ಚಯದ ಫೋಟೋ ಅಚ್ಚಾಗಿ ಬಂದ ದಿನ ನಾನು, ಅಕ್ಕ ಕೂಡಿ ಎಲ್ಲರ ಹೆಸರನ್ನೂ ಸಾಲಾಗಿ ಬರೆದೆವು. ಆ ಬಳಿಕ ಅಕ್ಕ ತನ್ನ ನಿಶ್ಚಯದ ಹಳೆಯ ಫೋಟೋವನ್ನು ತೆಗೆದಳು. ನಲವತ್ತು ವರ್ಷ ದಾಟಿ ಬಣ್ಣವೆಲ್ಲ ಕೆಂಪಗೆ ಮಾಸಿದೆ. ಅದಕ್ಕೂ ಒಂದು ಚೀಟಿ ಬರೆದೆವು. ಕುಳಿತವರು, ನಿಂತವರು, ಜಮಖಾನೆಯ ಮೇಲಿನ ಮಕ್ಕಳು, ಎಲ್ಲರ ಹೆಸರೂ ಆದ ಮೇಲೆ ಕೊನೆಯ ಸಾಲನ್ನು ಅಕ್ಕ ತಾನೇ ಬರೆದಳು: "ಹಿಂದೆ ಬಾಗಿಲ ಹತ್ತಿರ ಕೈ ಕಾಣುವುದು ನಮ್ಮ ಆಯಿಯದು."